ನಮ್ಮ ಓನರು ಕಾರು ಮಾರಿದ್ದು

ಅವರ ಉದ್ದನೆಯ ಸ್ಕ್ರೂಡ್ರೈವರಿನ ಮರದ ಹಿಡಿಯ ತುಂಬ ಹಲ್ಲಿನ ಗುರುತುಗಳಿದ್ದವು, ಅಳಿಲು ಕಚ್ಚಿ ಬಿಟ್ಟ ಸೀಬೆಕಾಯಿಯ ಹಾಗೆ. ನಾವು ಬಾಡಿಗೆಗೆ ಬಂದ ಮೊದಲ ಭಾನುವಾರ ಬೆಳಿಗ್ಗೆ ಕಿಟಕಿಯಿಂದ ಕೆಳಗೆ ನೋಡಿದರೆ, ಮನೆಯ ಓನರು ಕಾರಿನ ಬಾನೆಟ್ಟಿನೊಳಗೆ ಅರ್ಧ ಮೈ ಇಳಿಸಿದ್ದರು. ಆ ಹಿಡಿಯನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿಕೊಂಡು, ಇನ್ನೊಂದು ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದರು. ಇಂಥವರ ಮನೆಗೆ ಅಡ್ವಾನ್ಸ್ ಕೊಟ್ಟುಬಿಟ್ಟೆನಲ್ಲ ಎಂದು ಅಮ್ಮನ ಮುಖ ನೋಡಿದೆ. ಅಮ್ಮ, "ಅವರ ಕಾರು, ಅವರ ಹಲ್ಲು. ನಿಂಗ್ಯಾಕೆ, ಒಗ್ಗರಣೆ ನೋಡು" ಎಂದಳು.

ಎಂಬತ್ತರ ದಶಕದ ಮೊದಲ ವರ್ಷಗಳು. ರಾಜಾಜಿನಗರದ ಆ ಮನೆಯ ಮಹಡಿಯ ಮೇಲೆ ಒಂದು ರೂಮು, ಒಂದು ಅಡುಗೆಮನೆ ನಮ್ಮದು. ಕೆಳಗೆ ಓನರು ಮತ್ತು ಅವರ ಹೆಂಡತಿ. ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಕನ್ನಡ ಟೈಪಿಸ್ಟು. ಓನರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಮೆಷಿನ್ನಿನ ಮುಂದೆ ನಿಂತು ರಿಟೈರ್ ಆದವರು. ಅವರನ್ನು ನಾನು ಸಾರ್ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಆಂಟಿ. ಓನರ ಹೆಸರು ಬಾಡಿಗೆ ರಸೀದಿಯ ಮೇಲೆ ಮಾತ್ರ ಇರುತ್ತಿತ್ತು.

ಕಾರು ವಿಲಾಯತಿಯದು. ನಾಲ್ಕು ಬಾಗಿಲಿನದಾದರೂ ರೇಸಿಗೆಂದು ಮಾಡಿದ್ದು. ನಾಯಂಡಹಳ್ಳಿಯ ಗುಜರಿ ಗೋಡೌನಿನಲ್ಲಿ ಕೋಳಿಗಳು ಗೂಡು ಮಾಡಿಕೊಂಡಿದ್ದ ಅದರ ಬಾಡಿಯನ್ನು ಎತ್ತಿನ ಗಾಡಿಯ ಮೇಲೆ ಹಾಕಿಸಿಕೊಂಡು ತಂದರಂತೆ. ಆಮೇಲೆ ಎಂಟು ವರ್ಷ ಅದರ ಮೇಲೆಯೇ ಬದುಕಿದರು. ಒಂದು ಕಾರ್ಬುರೇಟರ್ ಇದ್ದ ಜಾಗದಲ್ಲಿ ಎರಡು ಕೂರಿಸಿದರು, ಸ್ಪ್ರಿಂಗು ಕತ್ತರಿಸಿ ಕಾರನ್ನು ನೆಲಕ್ಕೆ ನಾಲ್ಕು ಬೆರಳು ಹತ್ತಿರ ಮಾಡಿದರು, ಸಿಗದ ಭಾಗಗಳನ್ನು ಪರಿಚಯದವರ ಲೇತಿನಲ್ಲಿ ತಾವೇ ಕಡೆದುಕೊಂಡರು. ಕಡು ಹಸಿರು ಬಣ್ಣ, ಬಾನೆಟ್ಟಿಗೆ ಅಡ್ಡಲಾಗಿ ಒಂದು ಚರ್ಮದ ಬೆಲ್ಟು. ಆಂಟಿಗೆ ಅದರ ಮೇಲೆ ಸವತಿಯ ಮೇಲಿರುವಷ್ಟೇ ಪ್ರೀತಿ. "ಮೈಸೂರು ತೋರಿಸ್ತೀನಿ ಅಂದ್ರು ಕಣಮ್ಮ. ಎಂಟು ವರ್ಷದಿಂದ ಬರೀ ಬಾನೆಟ್ ತೋರಿಸ್ತಾ ಇದಾರೆ" ಎನ್ನುತ್ತಿದ್ದರು. ಓನರು ಬಗ್ಗಿಕೊಂಡೇ ಇರುತ್ತಿದ್ದರು. ಹೆಂಡತಿಯ ಮಾತಿಗೆ ಅವರು ಓಗೊಟ್ಟಿದ್ದನ್ನು ನಾನು ನೋಡಿದ್ದು ಕಡಿಮೆ.

ಅವರಲ್ಲಿ ಇನ್ನೊಂದು ಅಭ್ಯಾಸವಿತ್ತು. ಎದುರಿನವರು ಮಾತಾಡುವಾಗ ಕಣ್ಣು ನೋಡದೆ ಬಾಯಿಯನ್ನೇ ನೋಡುತ್ತಿದ್ದರು. ಇಪ್ಪತ್ನಾಲ್ಕು ವರ್ಷದ ಹುಡುಗಿಗೆ ಅದು ಸರಿಬರುವ ವಿಷಯವಲ್ಲ. ಮೊದಮೊದಲು ಬಾಡಿಗೆ ಕೊಡಲು ಅಮ್ಮನನ್ನೇ ಕಳಿಸುತ್ತಿದ್ದೆ. ವರ್ಷ ಕಳೆದ ಮೇಲೆ, ಇವರದ್ದು ಹೀಗೇ, ಕೆಟ್ಟ ಮನುಷ್ಯರಲ್ಲ ಎಂದು ಸುಮ್ಮನಾದೆ.

ಬಂದು ಎರಡನೆಯ ವರ್ಷವೋ ಏನೋ, ಸ್ಕ್ರೂಡ್ರೈವರ್ ಕಚ್ಚುವುದು ನಿಂತಿತು. ಬದಲಿಗೆ ಪ್ರತಿ ಭಾನುವಾರ ಏಳು ಗಂಟೆಗೆ ಕಾರು ಸ್ಟಾರ್ಟ್ ಮಾಡಿ, ಮೆಟ್ಟಿಲ ಮೇಲೆ ಪೇಪರ್ ಓದುತ್ತಾ ಕೂತಿರುತ್ತಿದ್ದ ನನ್ನ ಕಡೆ ತಿರುಗಿ, "ಹೆಂಗಿದೆಯಮ್ಮಾ?" ಎಂದು ಕೇಳತೊಡಗಿದರು.

"ಚೆನ್ನಾಗಿದೆ ಸಾರ್" ಎನ್ನುತ್ತಿದ್ದೆ.

"ಸದ್ದು ಏನಾದ್ರೂ?"

"ಏನಿಲ್ಲ ಸಾರ್."

"ಟೈಪ್ ಮಾಡೋರಿಗೆ ಕಿವಿ ಚುರುಕಿರತ್ತೆ. ಸಾಲು ಮುಗಿಯೋ ಗಂಟೆ ಕೇಳ್ಕೊಂಡೇ ಅಲ್ವಾ ನೀವು ಕೈ ಓಡಿಸೋದು" ಎಂದು ತೃಪ್ತಿಯಿಂದ ಬಾನೆಟ್ ಮುಚ್ಚುತ್ತಿದ್ದರು. ನಾನು ಪೇಪರಿಗೆ ವಾಪಸಾಗುತ್ತಿದ್ದೆ. ಊಟ ಆಯಿತಾ ಎಂದರೆ ಆಯಿತು ಎನ್ನುವ ಹಾಗೆ ಅದೂ ಒಂದು ಮಾತು ಎಂದುಕೊಂಡಿದ್ದೆ. ಎರಡು ವರ್ಷ ಹಾಗೇ ನಡೆಯಿತು. ಆ ಎರಡು ವರ್ಷದಲ್ಲಿ ನಾನು ಒಂದು ದಿನವೂ ಆ ಎಂಜಿನ್ನನ್ನು ಕೇಳಿಸಿಕೊಂಡಿರಲಿಲ್ಲ.

ಒಂದು ಸಂಜೆ ಮಹಡಿಗೆ ಬಂದು ಕಾರು ಮಾರುತ್ತೇನೆಂದರು. ಆಂಟಿ ಶೆಡ್ಡಿನ ಜಾಗದಲ್ಲಿ ರೂಮು ಕೇಳುತ್ತಿದ್ದಾರೆ ಎಂಬ ಕಾರಣ ಕೊಟ್ಟರು. ಆಂಟಿ ಅದನ್ನು ಎಂಟು ವರ್ಷದಿಂದ ಕೇಳುತ್ತಿದ್ದರು, ಈಗೇನು ಹೊಸದು ಎಂದು ನನಗೆ ಅನ್ನಿಸಿತು, ಕೇಳಲಿಲ್ಲ. ಒಂದು ಹಾಳೆ ಟೈಪ್ ಮಾಡಿಕೊಡಬೇಕಿತ್ತು. ಅವರು ಹೇಳಿದರು, ನಾನು ಬರೆದುಕೊಂಡೆ: ಕಾರು ಮಾರಾಟಕ್ಕಿದೆ. ಸಣ್ಣಪುಟ್ಟ ಕೆಲಸ ಬಾಕಿ ಇದೆ. ಹಿಂದಿನ ಎಡಗಡೆ ಗಾಜು ಕೈಯಲ್ಲಿ ಹಿಡಿದು ಏರಿಸಬೇಕು. ಸ್ಪೀಡಿನ ಮುಳ್ಳು ನಲವತ್ತರಲ್ಲಿ ನಿಲ್ಲುತ್ತದೆ. ಡ್ರೈವರ್ ಬಾಗಿಲಿನ ರಬ್ಬರ್ ಹೋಗಿದೆ, ಮಳೆ ಬಂದರೆ ತೊಡೆ ಒದ್ದೆಯಾಗುತ್ತದೆ.

"ಇದನ್ನೆಲ್ಲ ಬರೆದ್ರೆ ಯಾರ್ ಸಾರ್ ತಗೋತಾರೆ?" ಎಂದೆ.

"ಇರೋದನ್ನ ಹೇಳ್ಬಿಡಬೇಕಮ್ಮ. ಆಮೇಲೆ ಅವನು ರೋಡಲ್ಲಿ ಎದುರಿಗೆ ಸಿಕ್ಕಿದ್ರೆ ನಾನು ಆ ಕಡೆ ಫುಟ್‌ಪಾತ್ ಹತ್ತಬಾರ್ದು." ಕೊನೆಯಲ್ಲಿ ಬೆರಳಿನಿಂದ ಹಾಳೆ ತಟ್ಟಿ ಇನ್ನೊಂದು ಸಾಲು ಸೇರಿಸಿದರು: ಎಂಜಿನ್ನಿನಲ್ಲಿ ಒಂದು ಸದ್ದೂ ಇಲ್ಲ. ಅದರ ಕೆಳಗೆ ಸಹಿ ಹಾಕಿದರು. ಅವರಿಗೆ ಬೇಕಾದದ್ದು ಇಷ್ಟೇ. ಕಾರನ್ನು ಕೆಡಿಸದವರ ಕೈಗೆ ಅದು ಹೋಗಬೇಕು, ಹೋಗುವಾಗ ತಾವು ಬರೆದುಕೊಟ್ಟ ಮಾತು ನಿಜವಾಗಿರಬೇಕು.

ಮೊದಲು ವಿಜಯನಗರದಿಂದ ಒಬ್ಬರು ಬಂದರು. ಬಾಡಿ ಗಟ್ಟಿಯಿದೆ, ಎಂಜಿನ್ ಕಿತ್ತು ಡೀಸೆಲ್ಲಿನದು ಹಾಕಿಸುತ್ತೇನೆ ಎಂದರು. ಆಗ ಊರೆಲ್ಲ ಅದೇ ಹುಚ್ಚು. ಓನರು ಅವರಿಗೆ ಕಾಫಿ ಕೊಡಿಸಿ, ಗೇಟಿನವರೆಗೂ ಹೋಗಿ ಕಳಿಸಿ ಬಂದು, "ಇನ್ನೊಂದ್ ಸಲ ಬಂದ್ರೆ ನಾನು ಮನೇಲಿಲ್ಲ ಅನ್ನು" ಎಂದು ಆಂಟಿಗೆ ಹೇಳಿದರು. ಆಮೇಲೆ ಬಸವೇಶ್ವರನಗರದ ಹಲ್ಲಿನ ಡಾಕ್ಟರೊಬ್ಬರು ಸುದ್ದಿ ಕಳಿಸಿದರು. ಹಳೆಯ ಕಾರುಗಳ ಹುಚ್ಚು, ಇದ್ದ ಹಾಗೇ ಇಟ್ಟುಕೊಳ್ಳುವವರು. ವಿಜಯದಶಮಿಯ ದಿನ ಬರುತ್ತೇನೆ ಎಂದಿದ್ದರು. ಓನರು ಒಂದು ವಾರ ನಿಂತ ಕಡೆ ನಿಲ್ಲಲಿಲ್ಲ.

ಅದರ ಹಿಂದಿನ ದಿನ ಆಯುಧಪೂಜೆ. ಡಾಕ್ಟರಿಗೆ ತೋರಿಸಲೆಂದು ಓನರು ಎರಡೂ ಕಾರ್ಬುರೇಟರ್‌ಗಳ ಮುಚ್ಚಳ ತೆಗೆದು, ಎಂಜಿನ್ನು ಗಾಳಿ ಎಳೆದುಕೊಳ್ಳುವ ಒಳಗಿನ ಹಿತ್ತಾಳೆ ಬಾಯಿಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಫಳಫಳ ಮಾಡಿಟ್ಟಿದ್ದರು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಕಾರನ್ನು ಒಂದಡಿ ಮುಂದೆ ಬಿಟ್ಟಾಯಿತು, ಕುಂಬಳಕಾಯಿ ಒಡೆದಾಯಿತು. ಓನರು ಕೈತೊಳೆಯಲು ಒಳಗೆ ಹೋದರು. ಆಂಟಿ ಆರತಿ ತಟ್ಟೆ ಹಿಡಿದು ತೆರೆದ ಬಾನೆಟ್ಟಿನ ಮುಂದೆ ನಿಂತರು. ಎರಡು ಹಿತ್ತಾಳೆ ಬಾಯಿಗಳು ಎರಡು ಕಲಶದ ಹಾಗೆ ಕಂಡಿರಬೇಕು. ಹೋಗುವ ಕಾಲಕ್ಕಾದರೂ ಸವತಿಗೆ ಒಳ್ಳೆಯದಾಗಲಿ ಎಂದು ಒಂದೊಂದಕ್ಕೂ ಕುಂಕುಮ ಇಟ್ಟು, ಒಂದೊಂದು ಸೇವಂತಿಗೆ ಇಟ್ಟು, ಒಳಗೆ ಒಂದೊಂದು ಚಿಟಿಕೆ ಅಕ್ಷತೆ ಹಾಕಿ ಕೈಮುಗಿದರು. ನಾನು ಪಕ್ಕದಲ್ಲೇ ಗಂಟೆ ಬಾರಿಸುತ್ತಿದ್ದೆ.

ಮರುದಿನ ಬೆಳಿಗ್ಗೆ ಓನರು ಹೂವು ತೆಗೆದು, ಕುಂಕುಮ ಒರೆಸಿ, ಸ್ಟಾರ್ಟ್ ಮಾಡಿದರು. ಮೆಟ್ಟಿಲ ಕಡೆ ತಿರುಗಿದರು. "ಹೆಂಗಿದೆಯಮ್ಮಾ?"

"ಚೆನ್ನಾಗಿದೆ ಸಾರ್" ಎಂದೆ. ಟಕ್ ಟಕ್ ಎಂದು ಏನೋ ಬಡಿಯುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು. ಕಾರು ಎಂದಮೇಲೆ ಏನಾದರೂ ಬಡಿಯುತ್ತದೆ ಎಂದುಕೊಂಡೆ.

ಹತ್ತು ಗಂಟೆಗೆ ಡಾಕ್ಟರು ಬಂದರು. ಕಾರನ್ನು ಎರಡು ಸುತ್ತು ನೋಡಿದರು, ಮೈ ಸವರಿದರು. ಟೈಪ್ ಮಾಡಿದ ಹಾಳೆ ಓದಿ, "ಹೀಗೆ ಬರೆದು ಕೊಡೋರನ್ನ ನಾನು ನೋಡೇ ಇಲ್ಲ ಸಾರ್" ಎಂದರು. ಓನರು ಮಗಳನ್ನು ತೋರಿಸುವ ತಂದೆಯ ಹಾಗೆ ಕಾರು ಸ್ಟಾರ್ಟ್ ಮಾಡಿದರು. ಡಾಕ್ಟರು ಬಾನೆಟ್ಟಿನೊಳಗೆ ಬಗ್ಗಿದರು. ಬಗ್ಗಿಕೊಂಡೇ, "ಇದೇನ್ ಸಾರ್, ಟಕ್ ಟಕ್ ಅಂತಿದೆಯಲ್ಲ?" ಎಂದರು.

ಓನರು ಸ್ಪ್ರಿಂಗು ಕತ್ತರಿಸಿದ ಕಥೆ ಹೇಳುತ್ತಲೇ ಇದ್ದರು.

ಡಾಕ್ಟರು ಇನ್ನೊಮ್ಮೆ ಕೇಳಿದರು. ಓನರು ಕಥೆ ನಿಲ್ಲಿಸಲಿಲ್ಲ. ಡಾಕ್ಟರು ತಲೆ ಎತ್ತಿ, ಮುಖ ತಿರುಗಿಸಿ ಅದೇ ಮಾತು ಹೇಳಿದಾಗ ಮಾತ್ರ ಓನರು ತಟ್ಟನೆ ನಿಂತರು. ಮೆಟ್ಟಿಲ ಮೇಲಿದ್ದ ನನಗೆ ಆ ಗಳಿಗೆಯಲ್ಲಿ ಎಲ್ಲ ಅರ್ಥವಾಯಿತು. ಬಾಯಿ ನೋಡುತ್ತಿದ್ದುದು, ಹೆಂಡತಿಗೆ ಓಗೊಡದಿದ್ದುದು, ಭಾನುವಾರದ ಪ್ರಶ್ನೆ, ಎಲ್ಲ.

ಅವರು ನನ್ನ ಕಡೆ ನೋಡಿದರು. "ಚೆನ್ನಾಗಿದೆ ಅಂದ್ಯಲ್ಲಮ್ಮ" ಎಂದರು, ಅಷ್ಟೇ. ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ಗೋಡೆಯ ಗೂಡಿನಿಂದ ಸ್ಕ್ರೂಡ್ರೈವರ್ ತೆಗೆದು, ಬಹಳ ದಿನದ ಮೇಲೆ ಹಿಡಿಯನ್ನು ಕಚ್ಚಿಕೊಂಡರು. ನೋವಿಗೆ ಮುಖ ಕಿವುಚಿದರು. ತುದಿಯನ್ನು ಎಂಜಿನ್ನಿನ ಮೇಲೆ ಒಂದೊಂದೇ ಕಡೆ ಒತ್ತುತ್ತಾ ಹೋದರು. ಮೂರನೆಯ ಸಿಲಿಂಡರಿನ ಹತ್ತಿರ ನಿಂತರು. ಹಿಡಿಯನ್ನು ಬಾಯಿಂದ ತೆಗೆದು, "ಇದೆ" ಎಂದರು.

ಡಾಕ್ಟರು ಹಿಡಿಯ ಮೇಲಿನ ಗುರುತುಗಳನ್ನು ನೋಡಿದರು, ಆಮೇಲೆ ಓನರ ಮುಂದಿನ ಹಲ್ಲುಗಳನ್ನು. ಅವರಿಗೆ ಅದು ದಿನಾ ನೋಡುವ ಕೆಲಸ. "ಎಷ್ಟು ವರ್ಷದಿಂದ ಹೀಗೆ ಕೇಳ್ತಾ ಇದೀರಿ ಸಾರ್?" ಎಂದು ಮೆಲ್ಲಗೆ, ಬಾಯಿ ಕಾಣುವ ಹಾಗೆ ಕೇಳಿದರು.

"ಆರು ವರ್ಷ ಆಯ್ತು. ನಮ್ಮ ಫ್ಯಾಕ್ಟರೀಲಿ ಪಕ್ಕದಲ್ಲೇ ಪ್ರೆಸ್ಸುಗಳು, ಆ ಸದ್ದಿಗೆ ಕಿವಿ ಹೋಯ್ತು. ಹಲ್ಲಿಂದ ತಲೆಬುರುಡೆಗೆ ಸದ್ದು ಹತ್ತತ್ತೆ. ಎರಡು ವರ್ಷದಿಂದ ಹಲ್ಲೂ ಅಲ್ಲಾಡ್ತಿದೆ." ಹಿಡಿಯನ್ನು ಒರೆಸುತ್ತಾ, "ಅದಕ್ಕೇ ಮಾರ್ತಾ ಇರೋದು. ಕಿವಿ ಕೇಳದವನ ಕೈಲಿ ಇದು ಹಾಳಾಗ್ಬಾರ್ದು" ಎಂದರು. ಡಾಕ್ಟರ ಕೈಯಿಂದ ಹಾಳೆ ತೆಗೆದುಕೊಂಡು ಎರಡಾಗಿ ಮಡಿಚಿ ಜೇಬಿಗಿಟ್ಟುಕೊಂಡರು. "ಇವತ್ತು ಬೇಡ ಡಾಕ್ಟ್ರೇ. ನಾನು ಸಹಿ ಹಾಕಿದ್ದು ಸುಳ್ಳಾಗಿದೆ."

ಕಿವಿ ಹೋದ ಮೇಲೆ ಅವರಿಗೆ ಹಲ್ಲಿತ್ತು, ಹಲ್ಲು ಅಲ್ಲಾಡಿದ ಮೇಲೆ ನಾನಿದ್ದೆ. ನಾನು ಪೇಪರ್ ಓದುತ್ತಿದ್ದೆ. ನನಗೆ ನಾಚಿಕೆಯಾಯಿತು.

ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಆಂಟಿಗೂ ವಿಷಯ ತಿಳಿದದ್ದು ಆಗಲೇ. ಲೋಟವನ್ನು ಕಟ್ಟೆಯ ಮೇಲಿಟ್ಟು, ಗಂಡನ ಎದುರಿಗೆ ಬಂದು ನಿಂತು, "ಅಂದ್ರೆ ಆರು ವರ್ಷದಿಂದ ನಾನು ಬೈದಿದ್ದೆಲ್ಲ ದಂಡ ಆಯ್ತಾ?" ಎಂದರು. ಕಣ್ಣಲ್ಲಿ ನೀರಿತ್ತು. ಓನರು ಅವರ ಬಾಯಿ ನೋಡಿ, "ಅರ್ಧ ಗೊತ್ತಾಗ್ತಿತ್ತು ಕಣೇ" ಎಂದರು.

ಮುಂದಿನ ಭಾನುವಾರ ಎಂಜಿನ್ನಿನ ತಲೆ ಬಿಚ್ಚಿದರು. ನಾನು ಪೇಪರ್ ಮುಟ್ಟದೆ ಪಕ್ಕದಲ್ಲಿ ನಿಂತಿದ್ದೆ. ಮೂರನೆಯ ಸಿಲಿಂಡರಿನ ವಾಲ್ವಿನ ಅಂಚಿನಲ್ಲಿ ಕರಕಲಾದ ಒಂದು ಅಕ್ಕಿಕಾಳು, ಬಾಗಿಲ ಸಂದಿಗೆ ಸಿಕ್ಕ ಕಡ್ಡಿಯ ಹಾಗೆ ಅಂಟಿಕೊಂಡಿತ್ತು. ಓನರು ಅದನ್ನು ಅಂಗೈ ಮೇಲಿಟ್ಟುಕೊಂಡು ಹೆಂಡತಿಗೆ ತೋರಿಸಿ, "ನಿನ್ನ ಆಶೀರ್ವಾದ ಕಣೇ" ಎಂದರು. ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದರು.

ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದಾಗ ಸಂಜೆ ನಾಲ್ಕು. "ಹೆಂಗಿದೆಯಮ್ಮಾ?"

ಬಗ್ಗಿ ಕೇಳಿದೆ. ಕಚೇರಿಯಲ್ಲಿ ಹತ್ತು ಮೆಷಿನ್ನುಗಳ ನಡುವೆ ನನ್ನ ಮೆಷಿನ್ನಿನ ಗಂಟೆಯನ್ನು ಕೇಳುವ ಹಾಗೆ ಕೇಳಿದೆ. "ಇಲ್ಲ ಸಾರ್, ಇನ್ನೂ ಸ್ವಲ್ಪ ಇದೆ" ಎಂದೆ. ಅವರಿಗೆ ನಾನು ಹೇಳಿದ ಮೊದಲ ನಿಜ ಅದು. ಅವರ ಮುಖ ಅರಳಿತು. ಒಂದು ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುವುದು, ನನ್ನ ಬಾಯಿ ನೋಡುವುದು, ಮತ್ತೆ ತಿರುಗಿಸುವುದು. ಎರಡು ಭಾನುವಾರ ಹಿಡಿಯಿತು. ಕೊನೆಗೆ ಒಂದು ಸಲ ನಾನು ಬಹಳ ಹೊತ್ತು ಕಿವಿಗೊಟ್ಟು ಕೇಳಿ, "ಈಗಿಲ್ಲ ಸಾರ್" ಎಂದಾಗ ಅವರು ಎರಡನೇ ಸಲ ಕೇಳಲಿಲ್ಲ.

ಹಾಳೆಯನ್ನು ಹೊಸದಾಗಿ ಟೈಪ್ ಮಾಡಿಸಿದರು. ಗಾಜು, ಮುಳ್ಳು, ರಬ್ಬರ್ ಎಲ್ಲ ಮೊದಲಿನಂತೆಯೇ. "ಎಂಜಿನ್ನಿನಲ್ಲಿ ಒಂದು ಸದ್ದೂ ಇಲ್ಲ" ಎಂಬ ಸಾಲಿನ ಕೆಳಗೆ ಬೆರಳಿಟ್ಟು, "ಇಲ್ಲಿ ನೀನು ಸಹಿ ಹಾಕು, ಕೇಳಿದವಳು ನೀನು" ಎಂದರು. ಸಂಬಳದ ಪುಸ್ತಕ ಬಿಟ್ಟರೆ ನನ್ನ ಸಹಿಗೆ ಅಲ್ಲಿಯವರೆಗೆ ಯಾರೂ ಬೆಲೆ ಕೊಟ್ಟಿರಲಿಲ್ಲ. ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಡಾಕ್ಟರು ಕಾರು ತೆಗೆದುಕೊಂಡು ಹೋದರು. ತಿಂಗಳೊಪ್ಪತ್ತಿನಲ್ಲಿ ಓನರನ್ನು ತಮ್ಮ ಕ್ಲಿನಿಕ್ಕಿಗೆ ಕರೆಸಿಕೊಂಡು, ಮುಂದಿನ ಹಲ್ಲುಗಳನ್ನು ಕಿತ್ತು ಕಟ್ಟಿಸಿದ ಹಲ್ಲು ಹಾಕಿದರು. ಸ್ಕ್ರೂಡ್ರೈವರನ್ನು ಓನರು ನನಗೆ ಕೊಟ್ಟುಬಿಟ್ಟರು. ಕಟ್ಟಿಸಿದ ಹಲ್ಲಿಗೆ ಸದ್ದು ಹತ್ತುವುದಿಲ್ಲವಂತೆ.

ದಶಕ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಮಧ್ಯಾಹ್ನ ಮಲಗಿದವರು ಏಳಲಿಲ್ಲ. ವೈಕುಂಠ ಸಮಾರಾಧನೆಯ ದಿನ ಡಾಕ್ಟರು ಅದೇ ಹಸಿರು ಕಾರಿನಲ್ಲಿ ಬಂದರು. ಗೇಟಿನ ಹತ್ತಿರ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ ಇಳಿದು, ಎಲೆ ಹಾಕುತ್ತಿದ್ದ ನನ್ನನ್ನು ಕರೆದು, "ಹೆಂಗಿದೆಯಮ್ಮಾ?" ಎಂದು ಕೇಳಿದರು. ಆ ಮಾತು ಅವರಿಗೆ ಹೇಗೆ ಗೊತ್ತಿತ್ತೋ. ಬಂಧುಗಳೆಲ್ಲ ನೋಡುತ್ತಿದ್ದರು. ಚೆನ್ನಾಗಿದೆ ಎಂದು ಹೇಳಿ ಒಳಗೆ ಹೋಗುವುದು ಸುಲಭವಿತ್ತು.

ನಾನು ಬಗ್ಗಿ ಕೇಳಿದೆ, ತಾಳ್ಮೆಯಿಂದ. "ಮೂರನೇದರಲ್ಲಿ ಒಂದು ಸಣ್ಣ ಸದ್ದಿದೆ ಡಾಕ್ಟ್ರೇ" ಎಂದೆ.

ಬಾಗಿಲಲ್ಲಿ ಕೂತಿದ್ದ ಆಂಟಿ ತಲೆ ಎತ್ತಿದರು. "ಈ ಸಲ ನಾನೇನೂ ಹಾಕಿಲ್ಲಪ್ಪ" ಎಂದರು.