ಮುರಿದ ಕೋಡಿನ ಅಣ್ಣ

ಮುರಿದ ಕೋಡಿನವನನ್ನು ನಾನು ಐದು ಸಲ ಕೊಂದಿದ್ದೇನೆ. ಹೆದರಬೇಡಿ, ಅವನು ಇರುವುದು ಕಂಪ್ಯೂಟರ್ ಆಟದಲ್ಲಿ. ದೂರದ ಯಾವುದೋ ಗ್ರಹದ ಮೇಲೆ ಸೈನಿಕನೊಬ್ಬ ಬಂದೂಕು ಹಿಡಿದು ಹೊರಡುತ್ತಾನೆ. ಅವನ ಮುಖ ನಮಗೆ ಕಾಣುವುದಿಲ್ಲ, ಕೈ ಮತ್ತು ಬಂದೂಕು ಮಾತ್ರ ಕಾಣುತ್ತವೆ. ಎದುರಿನ ಪಡೆಯ ನಾಯಕನ ಶಿರಸ್ತ್ರಾಣಕ್ಕೆ ಎರಡು ಕೋಡು, ಎಡಗಡೆಯದು ಮುರಿದಿದೆ. ಒಂದು ಭಾಗದ ಕೊನೆಗೆ ಸತ್ತನೆಂದು ಬಿಟ್ಟರೆ ಮುಂದಿನ ಭಾಗದಲ್ಲಿ ನಾಚಿಕೆಯಿಲ್ಲದೆ ಎದ್ದು ಬರುತ್ತಾನೆ. ನಾನು ಎಂಟನೇ ಇಯತ್ತೆಯಲ್ಲಿದ್ದಾಗ ಮೊದಲ ಭಾಗ ಆಡಿದೆ. ಈಗ ನನಗೆ ಹುಕ್ಕೇರಿಯಲ್ಲಿ ನೌಕರಿ, ಅವನಿಗೆ ಆರನೆಯ ಭಾಗ.

ನಮ್ಮ ಮನೆ ಗೋಕಾಕದಲ್ಲಿ. ನಾನು ಟೈಪಿಂಗ್ ಕಲಿಯಲಿ ಎಂದು ಅಪ್ಪ ಘಟಪ್ರಭಾದ ಅಂಗಡಿಯಿಂದ ಯಾರೋ ಬಳಸಿ ಬಿಟ್ಟ ಕಂಪ್ಯೂಟರ್ ತಂದಿದ್ದ. ಆಟ ಅದರೊಳಗೆ ಮೊದಲೇ ಇತ್ತು. ಟೈಪಿಂಗನ್ನು ಇವತ್ತಿಗೂ ಎರಡೇ ಬೆರಳಿನಲ್ಲಿ ಮಾಡುತ್ತೇನೆ.

ಭಾನುವಾರ ಬಂತೆಂದರೆ ಕುಲಗೋಡದ ಬಸ್ಸಿಗೆ ಕಾಕಾ ಬರುತ್ತಿದ್ದ. ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ. ಇಬ್ಬರೂ ಹುಟ್ಟೂರು ಕುಲಗೋಡದ ದೊಡ್ಡಾಟದ ಹಿಮ್ಮೇಳದವರು. ಕಾಕಾ ಮದ್ದಳೆ ಬಾರಿಸುತ್ತಿದ್ದ, ಅಪ್ಪ ತಾಳ ಹಿಡಿದು ಹಾಡುತ್ತಿದ್ದ. ಕಾಕಾ ಒಳಗೆ ಬಂದವನೇ "ವೈನಿ, ಚಾ ಆತೇನ್ರಿ?" ಎಂದು ನನ್ನ ಅವ್ವನನ್ನು ಕೇಳಿ, ಸ್ಟೂಲು ಎಳೆದುಕೊಂಡು ನನ್ನ ಬಾಜೂ ಕೂರುತ್ತಿದ್ದ. ಅಲ್ಲಿಂದ ನನ್ನ ತಲೆನೋವು ಶುರು.

"ಇಂವ ಯಾರವ್ವಾ? ಹೆಸರ ಕೇಳದ ಹೊಡದ ಬಿಟ್ಟೆಲ್ಲ?"

"ಕಾಕಾ, ಹೆಸರ ಕೇಳಕೋತ ನಿಂತರ ನಾ ಸಾಯ್ತೇನಿ."

"ನಮ್ಮ ಆಟದಾಗ ರಾಕ್ಷಸ ಬಂದರೂ ಮೊದಲ ಹೆಸರ ಹೇಳತಾನ."

ಅದು ನಿಜ. ದೊಡ್ಡಾಟದಲ್ಲಿ ಯಾವ ಪಾತ್ರ ಬಂದರೂ ಸಾರಥಿ ಎಂಬುವನು ಎದುರು ನಿಂತು, ತಾವು ಯಾರು, ಎಲ್ಲಿಂದ ಬಂದಿರಿ, ಯಾಕೆ ಬಂದಿರಿ ಎಂದು ಕೇಳುತ್ತಾನೆ. ಪಾತ್ರ ಎದೆಯುಬ್ಬಿಸಿ ಎಲ್ಲ ಹೇಳಿಕೊಂಡ ಮೇಲೇ ಯುದ್ಧ. ನನ್ನದೋ, ಯುದ್ಧ ಬಿಟ್ಟು ಬೇರೇನೂ ಬೇಡ ಎನ್ನುವ ವಯಸ್ಸು. ಕಥೆಯ ದೃಶ್ಯ ಬಂದರೆ ಸಾಕು, ಗುಂಡಿ ಒತ್ತಿ ದಾಟಿಸಿಬಿಡುತ್ತಿದ್ದೆ. ಇಂಗ್ಲಿಷು ತಿಳಿಯುತ್ತಿರಲಿಲ್ಲ ಎಂಬುದು ನೆಪ. ತಿಳಿದಿದ್ದರೂ ದಾಟಿಸುತ್ತಿದ್ದೆ.

ಆದರೆ ಹೊಡೆದಾಟದ ರುಚಿಯನ್ನು ಕಾಕಾನಷ್ಟು ಬಲ್ಲವರನ್ನು ನಾನು ಇದುವರೆಗೆ ಕಂಡಿಲ್ಲ. ಮೊದಲ ಭಾಗದಲ್ಲಿ ಗುಂಡು ತಗುಲಿದ ಕೂಡಲೇ ಎದುರಾಳಿ ಬೀಳುತ್ತಿರಲಿಲ್ಲ. ಕಣ್ಣು ಮಿಟುಕಿಸುವಷ್ಟು ಹೊತ್ತು ಎಲ್ಲ ನಿಂತು, ಆಮೇಲೆ ಧಪ್ಪೆಂದು ಸದ್ದು ಬಂದು, ಅವನ ಭುಜ ಹಿಂದಕ್ಕೆ ಹೋಗುತ್ತಿತ್ತು. ಮೌಸ್ ಹಿಡಿದ ಕೈಗೆ ನಿಜವಾಗಿ ಭಾರ ತಾಕಿದಂತೆ ಅನಿಸುತ್ತಿತ್ತು. ಕಾಕಾ ಅದನ್ನು ಎರಡನೇ ಭಾನುವಾರವೇ ಹಿಡಿದ.

"ಈ ಆಟ ಮಾಡಿದಾಂವಗ ಮದ್ದಲಿ ಗೊತ್ತೈತಿ," ಎಂದ. "ಪೆಟ್ಟು ಕೈಯಾಗ ಇರಂಗಿಲ್ಲವ್ವಾ, ಸಪ್ಪಳದಾಗ ಇರತೈತಿ. ವೇಷದಾಂವನ ಕಾಲು ಅಟ್ಟದ ಹಲಗಿಗೆ ಬೀಳೂದು, ನನ್ನ ಕೈ ಮದ್ದಲಿಗೆ ಬೀಳೂದು ಒಂದ ಆಗಬೇಕು. ಒಂದು ಕೂದಲೆಳಿ ಮೊದಲ ಬಾರಿಸಿದರ ಮಂದಿ ನಗತಾರ. ಅದಕ್ಕ ನಾ ಕಿವೀಲೆ ಬಾರಸಂಗಿಲ್ಲ, ಕಣ್ಣೀಲೆ ಬಾರಸತೇನಿ. ಒಂದು ಕಣ್ಣು ಅಂವನ ಕಾಲಮ್ಯಾಲ, ಒಂದು ಕಣ್ಣು ನಿಮ್ಮಪ್ಪನ ತಾಳದಮ್ಯಾಲ."

ಮೊದಲ ಭಾಗದ ಕೊನೆಯಲ್ಲಿ ಮುರಿದ ಕೋಡಿನವನು ಬಂದ. ಕಾಕಾ ಸ್ಟೂಲಿನ ತುದಿಗೆ ಬಂದು ಕೂತ. ಇಂವ ಯಾರು, ಎಲ್ಲಿಯವನು, ಯಾಕೆ ಸಿಟ್ಟು ಎಂದು ಒಂದೇ ಸಮನೆ ಕೇಳತೊಡಗಿದ. ನಾನು ಆಗಲೇ ಮೂರು ಸಲ ಸತ್ತಿದ್ದೆ, ತಲೆ ಕೆಟ್ಟಿತ್ತು. ಬಾಯಿ ಮುಚ್ಚಿಸಲು ತೋಚಿದ್ದನ್ನು ಹೇಳಿದೆ: "ಅಂವ ಈ ಸೈನಿಕನ ಅಣ್ಣ."

"ಅಣ್ಣ? ಮತ್ತ ಯಾಕ ಹೊಡದಾಡತಾರ?"

"ಇಬ್ಬರಿಗೂ ಗುರುತ ಇಲ್ಲ. ಕಡೀಕ ಗೊತ್ತಾಗತೈತಿ, ಕೂಡತಾರ. ಈಗ ಸುಮ್ಮನ ಕುಂದರ."

ಕಾಕಾ ಸುಮ್ಮನೆ ಕೂತ. ನಾನು ಆ ಸೈನಿಕನ ಅಣ್ಣನನ್ನು ಹೊಡೆದುರುಳಿಸಿದೆ. ಎರಡನೆಯ ಭಾಗ ಬಂದಾಗ, ಈ ಸಲ ಕೂಡುತ್ತಾರೇನು ಎಂದು ಕಾಕಾ ಪ್ರತಿ ಭಾನುವಾರ ಕೇಳಿದ. ಕೊನೆಗೆ ನಾನು ಅವನನ್ನು ಮತ್ತೆ ಕೊಂದಾಗ ಎದ್ದು ಅಡುಗೆಮನೆಗೆ ಹೋಗಿ, ಚಹಾ ಬೇಡ ಎಂದು ಅವ್ವನಿಗೆ ಹೇಳಿ ಬಂದ. ಚಹಾ ಬೇಡ ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅದಾದ ಕೆಲವೇ ತಿಂಗಳಿಗೆ ಅಪ್ಪನ ಮಿಲ್ಲಿನ ಪಾಳಿ ಬದಲಾಯಿತು. ಊರಲ್ಲಿ ಒಂದು ದೊಡ್ಡಾಟಕ್ಕೆ ಬರುತ್ತೇನೆಂದವನು ಹೋಗಲಾಗಲಿಲ್ಲ, ಹೇಳಿಯೂ ಕಳಿಸಲಿಲ್ಲ. ತಾಳವಿಲ್ಲದೆ ಕಾಕಾನ ಕೈ ತಪ್ಪಿತು. ಯುದ್ಧದ ನಡುವೆ ಪೆಟ್ಟು ಮೊದಲು ಬಿದ್ದು ಕಾಲು ಆಮೇಲೆ ಬಿತ್ತು, ಕುಲಗೋಡದ ಮಂದಿ ಹೋ ಎಂದು ನಕ್ಕರು. ಮರುದಿನ ಕಾಕಾ ನಮ್ಮ ಅಂಗಳದಲ್ಲಿ ನಿಂತು ಒಂದೇ ಮಾತು ಹೇಳಿದ.

"ಇನ್ನ ನಿನ್ನ ತಾಳಕ್ಕ ನಾ ಬಾರಸಂಗಿಲ್ಲ."

"ಬಾರಸಬ್ಯಾಡ," ಎಂದ ಅಪ್ಪ.

ಇಬ್ಬರೂ ಮೊಂಡರು. ಆಡಿದ ಮಾತನ್ನು ಚಾಚೂ ತಪ್ಪದೆ ನಡೆಸಿದರು. ಅಪ್ಪ ತಾಳ ಮುಟ್ಟಲಿಲ್ಲ, ಕಾಕಾ ಭಾನುವಾರ ಬರಲಿಲ್ಲ. ಮದುವೆ, ಕುಬಸದಂಥ ದಿನ ಎದುರಾದರೆ ಒಬ್ಬರು ಚಪ್ಪರದ ಆ ಕಡೆ, ಒಬ್ಬರು ಈ ಕಡೆ.

ನಾನು ನಿಡಸೋಸಿಗೆ ಓದಲು ಹೋದೆ. ಮೂರನೆಯ ಭಾಗವನ್ನು ಹಾಸ್ಟೆಲಿನಲ್ಲಿ ಒಬ್ಬಳೇ ಆಡಿದೆ. ಬಂದೂಕು ಹಗುರಾಗಿತ್ತು. ಗುಂಡು ತಗುಲುವ ಮೊದಲೇ ಸದ್ದು ಬರುತ್ತಿತ್ತು. "ಮದ್ದಲಿ ತಪ್ಪೈತಿ ನೋಡ ಕಾಕಾ" ಎಂದು ಬಾಜೂ ತಿರುಗಿದರೆ ಅಲ್ಲಿ ಒಣಹಾಕಿದ ಟವೆಲ್ಲು. ಆವತ್ತು ಅಳು ಬಂತು, ಆಟ ನಿಲ್ಲಿಸಿದೆ; ಮುಗಿಸಿದ್ದು ವಾರದ ಮೇಲೆ. ನಾಲ್ಕು, ಐದು ಬರುವ ಹೊತ್ತಿಗೆ ನನಗೆ ಇಂಗ್ಲಿಷು ತಿಳಿಯುತ್ತಿತ್ತು. ಒಂದು ದೃಶ್ಯವನ್ನೂ ದಾಟಿಸದೆ ನೋಡಿದೆ. ಮುರಿದ ಕೋಡಿನವನು ಯಾರ ಅಣ್ಣನೂ ಅಲ್ಲ. ಸೈನಿಕನ ಕಡೆಯವರು ಅವನ ಊರು ಸುಟ್ಟಿದ್ದರು, ಅದಕ್ಕೇ ಆ ಸಿಟ್ಟು. ಯಾರು, ಎಲ್ಲಿಂದ, ಯಾಕೆ ಎಂಬ ಮೂರಕ್ಕೂ ಉತ್ತರ ಸಿಕ್ಕಿತು. ಕೇಳಿದವನು ಬಾಜೂ ಇರಲಿಲ್ಲ. ಆಟದ ಚಿತ್ರಗಳು ಎಷ್ಟು ಚೆಂದವಾದರೂ ನನಗೆ ಆ ಸ್ಟೂಲೇ ಬೇಕಾಗಿತ್ತು.

ಆರನೆಯದು ಕೊನೆಯ ಭಾಗ ಎಂದು ಸುದ್ದಿ ಬಂತು. ಅದೇ ವಾರ ಕಾಕಿ ಫೋನ್ ಮಾಡಿದವಳು, ಕಾಕಾನಿಗೆ ಈಗ ಏನೂ ಕೇಳಿಸುವುದಿಲ್ಲ ಎಂದಳು. ಲ್ಯಾಪ್‌ಟಾಪು, ದೊಡ್ಡ ಸ್ಪೀಕರು ಚೀಲಕ್ಕೆ ಹಾಕಿಕೊಂಡು ಭಾನುವಾರ ಬೆಳಿಗ್ಗೆಯೇ ಮೂಡಲಗಿ ಮಾರ್ಗವಾಗಿ ಕುಲಗೋಡಕ್ಕೆ ಹೋದೆ. ದಾರಿಯುದ್ದಕ್ಕೂ ನಿಜವಾದ ಕಥೆಯನ್ನು ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಬರೆದೆ. ಸುಳ್ಳು ಹೇಳಿದ್ದನ್ನೂ ಬರೆದೆ.

ಕಾಕಾ ಸೊರಗಿದ್ದ. ನನ್ನನ್ನು ಕಂಡು ಬಾಯಿತುಂಬ ನಕ್ಕ. ಆಟ ಹಚ್ಚಿದೆ. ಏನೂ ಕೇಳಿಸದೆ ಸ್ವಲ್ಪ ಹೊತ್ತು ಮಿಕಿಮಿಕಿ ನೋಡಿದವನು, ತಾನಾಗಿಯೇ ಅಂಗೈಯನ್ನು ಸ್ಪೀಕರಿನ ಮೇಲೆ ಇಟ್ಟ. ಮೊದಲ ಗುಂಡು ತಗುಲಿದಾಗ ಅವನ ಮುಖ ಅರಳಿತು.

"ಪೆಟ್ಟು ಮೊದಲಿನಂಗ ಬೀಳಾಕತ್ತೈತಿ!" ಎಂದು ಕೂಗಿದ. ಕಿವಿ ಕೇಳದವರ ದನಿ, ಓಣಿಗೆಲ್ಲ ಕೇಳಿಸಿತು.

ಊಟದ ಹೊತ್ತಿಗೆ ಮುರಿದ ಕೋಡಿನವನು ಬಂದ. ಕಾಕಾ ನನ್ನ ತೋಳು ಹಿಡಿದ. "ಇದು ಕಡೇದ್ದು ಅಲ್ಲೇನವ್ವಾ? ಇವತ್ತಾದರೂ ಗುರುತ ಸಿಗತೈತಿಲ್ಲ?"

ಹಾಳೆ ಜೇಬಿನಲ್ಲಿತ್ತು. ತೆಗೆಯಲು ಕೈ ಬರಲಿಲ್ಲ. ಮೌಸ್ ಬಿಟ್ಟು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ. ಬಂದೂಕು ಸುಮ್ಮನಾಯಿತು. ಕೋಡಿನವನು ಎದುರಿಗೆ ಬಂದ, ಕೈ ಎತ್ತಿದ, ಹೊಡೆದ. ಪರದೆ ಕೆಂಪಾಯಿತು, ಸೈನಿಕ ಬಿದ್ದ. ಆ ಪೆಟ್ಟು ಕಾಕಾನ ಅಂಗೈಗೆ ತಾಗಿತು, ಕೈ ತೆಗೆದುಬಿಟ್ಟ.

ಅಂಗೈ ನೋಡಿಕೊಂಡ. ಆಮೇಲೆ, "ಅಂವಗ ಗುರುತ ಸಿಗಲಿಲ್ಲ," ಎಂದ. "ತಮ್ಮನಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಇಬ್ಬರೂ ಸುಮ್ಮನ ನಿಂತರ ಹ್ಯಾಂಗ ಗೊತ್ತಾಗಬೇಕು?"

ಹೊರಡುವಾಗ ಬಸ್ ಸ್ಟ್ಯಾಂಡಿನವರೆಗೆ ಬಂದ. ನಾನು ಗೋಕಾಕದ ಬಸ್ಸು ಹತ್ತಿದ್ದು ನೋಡಿ ಕಿಟಕಿಯ ಹತ್ತಿರ ನಿಂತು, ಇಡೀ ಬಸ್ಸಿಗೆ ಕೇಳುವಂತೆ ಹೇಳಿದ:

"ನಿಮ್ಮಪ್ಪಗ ಹೇಳು. ನನಗ ಮದ್ದಲಿ ಕೇಳಸಂಗಿಲ್ಲ ಈಗ. ಅಂವ ಎದುರಿಗೆ ಕುಂತು ತಾಳ ಹಾಕಿದರ, ಅಂವನ ಕೈ ನೋಡಿ ಬಾರಸತೇನಿ."

ಗೋಕಾಕ ಬರುವವರೆಗೂ ಆ ಮಾತನ್ನು ಬಾಯಲ್ಲೇ ಹೇಳಿಕೊಂಡೆ. ಮನೆಗೆ ಬಂದು, ಚೀಲ ಇಳಿಸದೆ, ಒಂದಕ್ಷರ ಬಿಡದೆ ಅಪ್ಪನಿಗೆ ಒಪ್ಪಿಸಿದೆ. ಅಪ್ಪ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ನನ್ನ ಮುಖ ನೋಡಲಿಲ್ಲ.

"ಇನ್ನೊಮ್ಮಿ ಹೇಳು," ಎಂದ.

ನಾನು ಮೊದಲಿನಿಂದ ಹೇಳಿದೆ.