ಅತ್ತೆಯ ಹೊಲದೊಳಗಿನ ರೈಲುಮಾರ್ಗ

ನಮ್ಮ ಮನೆಯಲ್ಲಿ ಎರಡು ಗೇಟುಗಳಿವೆ. ಒಂದು ಅಂಗಳದ ಕಬ್ಬಿಣದ ಗೇಟು. ಅದರ ಚಿಲಕ ಬಿದ್ದಿದೆಯೋ ಇಲ್ಲವೋ ಎಂದು ದಿನಕ್ಕೆ ಮೂರು ಸಲ ಹೋಗಿ ನೋಡಿಬರುವುದು ನನ್ನ ನಿತ್ಯಕರ್ಮ. ಇನ್ನೊಂದು ನನ್ನ ಕಂಪ್ಯೂಟರಿನೊಳಗಿನ ರೈಲ್ವೆ ಗೇಟು. ಮಧ್ಯಾಹ್ನ ಊಟಕ್ಕೆ ಕುಳಿತು ಜೋಳದ ರೊಟ್ಟಿಯ ಎರಡು ತುತ್ತು ಮುರಿದಿರುತ್ತೇನಷ್ಟೆ, ಆ ಗೇಟು ಹಾಕದೆಯೇ ಗೂಡ್ಸ್ ಗಾಡಿ ಬಿಟ್ಟು ಬಂದೆನೇನೋ ಎಂಬ ಸಂಶಯ ಎದೆಯಲ್ಲಿ ಎದ್ದು, ತಟ್ಟೆಯನ್ನು ಬಿಟ್ಟು, ಎಂಜಲುಗೈಯನ್ನು ಮೇಲೆತ್ತಿಕೊಂಡು, ಎಡಗೈಯಿಂದ ಮೌಸ್ ಹಿಡಿದು ಪರೀಕ್ಷಿಸಿ ಬರುತ್ತೇನೆ. ಗೇಟು ಹಾಕಿಯೇ ಇರುತ್ತದೆ. ಹಾಕಿಲ್ಲದಿದ್ದರೂ ಸಾಯುವವರು ಯಾರೂ ಇಲ್ಲ, ಏಕೆಂದರೆ ಆ ರಸ್ತೆಯ ಮೇಲೆ ಓಡಾಡುವ ಲಾರಿಗಳಲ್ಲಿ ಡ್ರೈವರುಗಳಿಲ್ಲ. ಆದರೆ ಚಿಂತೆಗೆ ಇಂಥ ಸಣ್ಣಪುಟ್ಟ ವಿವರಗಳು ತಿಳಿಯುವುದಿಲ್ಲ.

ಇದೇನು ರೈಲು, ಎಲ್ಲಿಯ ರೈಲು ಎಂದು ನೀವು ಕೇಳುವುದು ನ್ಯಾಯವೇ. ನಾನು ಬಸವಕಲ್ಯಾಣದ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳುವ ಮಾಸ್ತರ. ಶಾಲೆಗಳು ಮುಚ್ಚಿ ಮನೆಯಿಂದಲೇ ಪಾಠ ಹೇಳಬೇಕಾಗಿ ಬಂದ ಕಾಲದಲ್ಲಿ ಒಂದು ಕಂಪ್ಯೂಟರ್ ಮನೆಗೆ ಬಂತು. ಶಾಲೆಗಳು ತೆರೆದ ಮೇಲೆ ಅದು ಮೂಲೆಯಲ್ಲಿ ಉಳಿಯಿತು. ಅದರಲ್ಲಿ ರೈಲಾಟದ ಒಂದು ತಂತ್ರಾಂಶ ಸೇರಿಕೊಂಡದ್ದು ಹೇಗೆಂದು ಈಗ ವಿವರಿಸಲಾರೆ. ಅದರೊಳಗೆ ಭೂಮಿಯ ನಕಾಶೆಯನ್ನು ಇಳಿಸಿಕೊಂಡು, ಅದರ ಮೇಲೆ ಹಳಿ ಹಾಸಿ, ಏರಿ ಕಟ್ಟಿ, ಸಿಗ್ನಲ್ಲು ನೆಟ್ಟು, ಕೊನೆಗೆ ಚಾಲಕನ ಆಸನದಲ್ಲಿ ತಾನೇ ಕುಳಿತು ಗಾಡಿ ಓಡಿಸಬಹುದು. ಮೊದಮೊದಲು ಮೇಜಿನ ಅಗಲದ ಒಂದು ಉಂಗುರದ ಹಳಿ ಹಾಕಿ ಪುಟ್ಟ ಇಂಜಿನ್ನನ್ನು ಸುತ್ತಿಸುತ್ತಿದ್ದೆ. ಆಮೇಲೆ ದುರಾಸೆ ಬೆಳೆಯಿತು. ಹುಮನಾಬಾದಿಗೆ ರೈಲು ಬಂದಿದೆ, ನಮ್ಮೂರಿಗೆ ಬಂದಿಲ್ಲ. ಇಲ್ಲಿಯವರು ರೈಲು ಹತ್ತಬೇಕೆಂದರೆ ಮೊದಲು ಬಸ್ಸು ಹತ್ತಬೇಕು. ಸರಕಾರಕ್ಕೆ ಅರ್ಜಿ ಬರೆಯುವ ಧೈರ್ಯವಿಲ್ಲದ ನಾನು ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ರೈಲುಮಾರ್ಗವನ್ನು ನಾನೇ ಹಾಕಿಬಿಡುವುದೆಂದು ನಿರ್ಧರಿಸಿದೆ.

ನನ್ನಂಥ ಆತಂಕಜೀವಿಗೆ ಇದು ತಕ್ಕ ಹವ್ಯಾಸವೋ ಅಲ್ಲವೋ ಎಂಬುದರ ಬಗ್ಗೆ ಎರಡು ಅಭಿಪ್ರಾಯಗಳಿವೆ, ಎರಡೂ ನನ್ನವೇ. ಹುಮನಾಬಾದ್ ನಿಲ್ದಾಣಕ್ಕೆ ನಾನು ಎಷ್ಟು ಮುಂಚಿತವಾಗಿ ಹೋಗುತ್ತೇನೆಂದರೆ, ಒಮ್ಮೆ ನಮ್ಮ ಗಾಡಿಗಿಂತ ಹಿಂದಿನ ಗಾಡಿಯೇ ಇನ್ನೂ ಬಂದಿರಲಿಲ್ಲ; ಅದು ಬಂದಾಗ ಗಾಬರಿಯಲ್ಲಿ ಅದನ್ನೇ ಹತ್ತಿ, ಸಾಮಾನು ಇಳಿಸಿಕೊಳ್ಳುವಷ್ಟರಲ್ಲಿ ಬೆವತುಹೋಗಿದ್ದೆ. ಅಂಥವನ ಕೈಗೆ ಇಡೀ ರೈಲ್ವೆ ಇಲಾಖೆಯನ್ನೇ ಕೊಟ್ಟಂತಾಯಿತು. ಇಳಿಜಾರು ಹೆಚ್ಚಾಯಿತೇ, ತಿರುವು ಬಿಗಿಯಾಯಿತೇ, ಸೇತುವೆ ತಾಳೀತೇ ಎಂದು ಪಾಠದ ನಡುವೆಯೂ ಕೊರೆಯುತ್ತಿತ್ತು. ವೃತ್ತದ ತ್ರಿಜ್ಯ ಕಲಿಸುತ್ತ ಕಪ್ಪುಹಲಗೆಯ ಮೇಲೆ ಗೊತ್ತಿಲ್ಲದೆಯೇ ಹಳಿಯ ಅಡ್ಡಪಟ್ಟಿಗಳನ್ನು ಎಳೆದ ದಿನ ಮಕ್ಕಳು ಮೌನವಾಗಿ ಅದನ್ನೂ ನಕಲು ಮಾಡಿಕೊಂಡರು.

ಮಾರ್ಗವನ್ನು ನೇರವಾಗಿ ಒಯ್ಯಬಹುದಿತ್ತು. ತಂತ್ರಾಂಶದಲ್ಲಿ ಅಡ್ಡ ಬಂದ ಮನೆಯನ್ನು ಒತ್ತಿದರೆ ಮಾಯವಾಗುತ್ತದೆ. ನೋಟೀಸು, ಪರಿಹಾರ, ಕೋರ್ಟು ಯಾವುದೂ ಇಲ್ಲ. ಹಾಗೆ ಊರಂಚಿನ ಒಂದು ಮನೆಯನ್ನು ಅಳಿಸಿದೆ. ಮರುದಿನ ತರಕಾರಿ ಪೇಟೆಯಲ್ಲಿ ಆ ಮನೆಯ ಯಜಮಾನರೇ ಎದುರಾಗಿ, ‘ಆರಾಮ ಅದೀರೇನ್ರಿ ಸರ್?’ ಎಂದು ನಗುತ್ತ ಮಾತಾಡಿಸಿದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಬದನೆಕಾಯಿ ಕೊಳ್ಳುವುದನ್ನೂ ಬಿಟ್ಟು ಮನೆಗೆ ಬಂದು, ಅವರ ಮನೆಯನ್ನು ಮತ್ತೆ ಕಟ್ಟಿ, ಮುಂದೆ ಎರಡು ಗಿಡಗಳನ್ನೂ ನೆಟ್ಟೆ. ಆಮೇಲೆ ಯಾರ ಮನೆಗೂ ತಾಗದಂತೆ, ದುಬಲಗುಂಡಿಯ ಕಡೆಯಿಂದ ಬಳಸಿ, ಹೊಲಗಳ ನಡುವೆಯೇ ಮಾರ್ಗವನ್ನು ತಂದೆ. ಹೊಲದಲ್ಲಿ ಯಾರಿದ್ದಾರೆ ಎಂದು ಆಗ ಅಂದುಕೊಂಡಿದ್ದೆ.

ದುಬಲಗುಂಡಿ ನನ್ನ ಹೆಂಡತಿ ಮಹಾದೇವಿಯ ತವರು. ಒಂದು ಸಂಜೆ ಆಕೆ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ನನ್ನ ಹಿಂದೆ ಬಂದು ಕುಳಿತಳು. ಪರದೆಯ ಮೇಲೆ ಹಳ್ಳದ ಬಾಗು, ಬಾವಿ, ಬದುವಿನ ಸಾಲು ಒಂದೊಂದಾಗಿ ಸರಿಯುತ್ತಿದ್ದವು. ಆಕೆಯ ಕೈ ನಿಂತಿತು.

‘ಇದು ನಮ್ಮ ಹೊಲ ಅಲ್ಲೇನ್ರಿ?’ ಎಂದಳು. ಹಳಿಯ ಮೇಲೆ ಬೆರಳಿಟ್ಟು, ‘ಅವ್ವ ಇಲ್ಲೇ ಅದಾಳಲ್ರಿ’ ಎಂದಳು. ಮೊರ ಎತ್ತಿಕೊಂಡು ಒಳಗೆ ಹೋದಳು.

ನಮ್ಮಲ್ಲಿ ಹೊಲ ಇದ್ದವರು ತಮ್ಮವರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತಾರೆ. ನನ್ನ ಅತ್ತೆಯನ್ನು ಕೂರಿಸಿ, ವಿಭೂತಿ ಇಟ್ಟು, ಪತ್ರಿ ಹಾಕಿ ಮಣ್ಣು ಕೊಟ್ಟವರಲ್ಲಿ ನಾನೂ ಒಬ್ಬ. ಅದರ ಮೇಲೆ ಮೊಣಕಾಲೆತ್ತರದ ಒಂದು ಕಟ್ಟೆ ಇದೆ. ಪ್ರತಿ ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭಜ್ಜಿ ಮತ್ತು ಸಜ್ಜೆ ರೊಟ್ಟಿಯ ಮೊದಲ ಎಡೆಯನ್ನು ಅಲ್ಲಿಟ್ಟ ಮೇಲೆಯೇ ನಾವು ಉಣ್ಣುವುದು. ಹತ್ತು ಹೆಜ್ಜೆ ಈಚೆಗೇ ಚಪ್ಪಲಿ ಬಿಡುತ್ತೇವೆ. ನೆಲದ ಮೇಲೆ ನಿಂತಾಗ ಕಣ್ಣು ಮುಚ್ಚಿಕೊಂಡು ನಡೆದು ತಲುಪಬಲ್ಲ ಆ ಜಾಗವನ್ನು ಆಕಾಶದಿಂದ ನೋಡಿದಾಗ ನಾನು ಗುರುತಿಸಲಿಲ್ಲ. ಅಲ್ಲಿ ಜಲ್ಲಿ ಸುರಿದು, ಕಬ್ಬಿಣ ಹಾಸಿ, ಅಷ್ಟರಲ್ಲಿ ಹದಿನೇಳು ಗೂಡ್ಸ್ ಗಾಡಿಗಳನ್ನು ಓಡಿಸಿದ್ದೆ. ಹದಿನೇಳು ಎಂದು ಲೆಕ್ಕವಿಟ್ಟದ್ದು ತಂತ್ರಾಂಶ. ನಗು ಬಂದರೆ ನೀವು ನಗಬಹುದು. ನನಗೆ ಮಾತ್ರ ನಾಚಿಕೆಯಾಯಿತು.

ಅಷ್ಟರಲ್ಲಿ ಅಡಿಗೆಮನೆಯಿಂದ ಫೋನಿನ ಮಾತು ಕೇಳಿಸಿತು. ಮಹಾದೇವಿ ತನ್ನ ಅಕ್ಕನಿಗೆ ಸುದ್ದಿ ಮುಟ್ಟಿಸುತ್ತಿದ್ದಳು. ಕುಕ್ಕರಿನ ಸೀಟಿಯ ನಡುವೆ ನನಗೆ ಸಿಕ್ಕಿದ್ದು ತುಣುಕುಗಳು ಮಾತ್ರ: ‘ಹೌದಕ್ಕಾ, ನಮ್ಮ ಹೊಲದಾಗಿಂದೇ... ಅವ್ವನ ಬಾಜೂಕೇ... ನೀನೇ ಬಂದು ನೋಡು, ಐತಾರ.’

ನಾಗಮ್ಮಕ್ಕ ಎಂಬ, ನನ್ನ ಹೆಂಡತಿಯ ಈ ಅಕ್ಕನ ಬಗ್ಗೆ ಎರಡು ಮಾತು ಹೇಳಬೇಕು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಹಿರಿಯವಳಾಗಿ, ಗಂಡನನ್ನೇ ತವರಿಗೆ ಕರೆತಂದು ಆ ಹೊಲವನ್ನು ಹಿಡಿದು ನಿಂತ ಹೆಂಗಸು. ನನಗಿಂತ ವಯಸ್ಸಿನಲ್ಲೂ ಧೈರ್ಯದಲ್ಲೂ ದೊಡ್ಡವರು. ಅವರ ಚಿಕ್ಕಪ್ಪನ ಮಗನೊಬ್ಬ ಅವ್ವನ ಕಟ್ಟೆಯ ಪಕ್ಕದಿಂದ ಟ್ರ್ಯಾಕ್ಟರ್ ಹಾಯಿಸಿಕೊಂಡು ಹೋದನೆಂದು ಎರಡು ವರ್ಷ ಅವನೊಂದಿಗೆ ಮಾತು ಬಿಟ್ಟವರು. ಟ್ರ್ಯಾಕ್ಟರಿಗೆ ಎರಡು ವರ್ಷವಾದರೆ ಹದಿನೇಳು ಗೂಡ್ಸ್ ಗಾಡಿಗೆ ಎಷ್ಟಾಗಬಹುದೆಂದು ಗಣಿತದ ಮಾಸ್ತರನಾದ ನನ್ನ ಬುದ್ಧಿ ತಾನಾಗಿಯೇ ಗುಣಾಕಾರಕ್ಕೆ ಹೊರಟಿತು. ತಾಯಿ ಹೋದ ಮೇಲೆ ಮಹಾದೇವಿಗೆ ತವರೆಂದರೆ ಆ ಅಕ್ಕ ಒಬ್ಬಳೇ. ನನ್ನ ಆಟದಿಂದ ಆ ಬಾಗಿಲು ಮುಚ್ಚಿಹೋದರೆ ನಾನು ಯಾವ ಮುಖ ಹೊತ್ತು ಆಕೆಯೊಡನೆ ಬಾಳುವುದು?

ಮಹಾದೇವಿಯನ್ನು ನೇರವಾಗಿ ಕೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಉತ್ತರಕ್ಕೆ ಅಂಜುವವನು ಪ್ರಶ್ನೆಯ ಹತ್ತಿರ ಸುಳಿಯುವುದಿಲ್ಲ. ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ. ಬುಧವಾರದಿಂದ ಶನಿವಾರದವರೆಗೆ ಶಾಲೆಯಿಂದ ಬಂದವನೇ ಮಾರ್ಗ ಬದಲಿಸುವ ಕಾಮಗಾರಿಗೆ ಕೂರುತ್ತಿದ್ದೆ. ಮೊದಲು ಹಳಿಯನ್ನು ಸ್ವಲ್ಪವೇ ಸರಿಸಿದೆ. ತಿರುವು ಬಿಗಿಯಾಗಿ ಇಂಜಿನ್ನು ಉರುಳಿತು, ಉರುಳಿದ್ದೂ ಕಟ್ಟೆಯ ಕಡೆಗೇ. ವೇಗ ಇಳಿಸಿದೆ, ಇಂಜಿನ್ನು ದಾಟಿತು, ನಾಲ್ಕನೆಯ ಡಬ್ಬಿ ಉರುಳಿತು. ಒಂದೊಂದು ಸಲ ಉರುಳಿದಾಗಲೂ ನಾನು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದೆ. ಕೊನೆಗೆ ಹಳ್ಳಕ್ಕೆ ಸೇತುವೆ ಕಟ್ಟಿ, ಇಡೀ ಮಾರ್ಗವನ್ನೇ ಆಚೆಯ ದಂಡೆಗೆ ಎತ್ತಿಹಾಕಿದೆ. ಈಚೆಯ ಜಲ್ಲಿಯನ್ನು ಒಂದು ಹರಳೂ ಉಳಿಯದಂತೆ ಬಳಿದು, ಹಸಿರು ಹಬ್ಬಿಸಿ, ಕಟ್ಟೆಯ ಜಾಗದಲ್ಲಿ ಒಂದು ಬೇವಿನ ಗಿಡ ಇಟ್ಟು, ಶನಿವಾರ ಸಂಜೆ ಕೈಕಾಲು ಮುಖ ತೊಳೆದುಕೊಂಡು ಬಂದೆ.

ಭಾನುವಾರ ನಾಗಮ್ಮಕ್ಕ ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ಬಂದರು. ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಚಹಾ ಕೂಡ ಬೇಡವೆಂದು, ಚೀಲದಿಂದ ಚಷ್ಮಾ ತೆಗೆದು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕುಳಿತು, ‘ಬಿಡ್ರಿ ಮಾಸ್ತರ್ರ ನಿಮ್ಮ ಗಾಡಿ’ ಎಂದರು. ಹುಮನಾಬಾದಿನಿಂದ ಪ್ಯಾಸೆಂಜರ್ ಬಿಟ್ಟೆ. ಗಾಡಿ ಹೊಲಗಳನ್ನು ದಾಟಿತು, ಹೊಸ ಸೇತುವೆಯ ಮೇಲೆ ಸುರಕ್ಷಿತವಾಗಿ ಹಾದುಹೋಯಿತು.

‘ಅವ್ವ ಎಲ್ಲದಾಳ್ರಿ?’

ನಾನು ದೂರದ ಬೇವಿನ ಗಿಡವನ್ನು ತೋರಿಸಿದೆ. ತಗುಲದಂತೆ, ಸದ್ದೂ ಮುಟ್ಟದಂತೆ ಮಾರ್ಗವನ್ನು ಆಚೆಗೆ ಒಯ್ದ ನನ್ನ ಶ್ರಮವನ್ನೂ ಭಕ್ತಿಯನ್ನೂ ಬಣ್ಣಿಸಿದೆ. ನಾಗಮ್ಮಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಗಾಡಿ ಕಣ್ಮರೆಯಾದ ಮೇಲೆ ಚಷ್ಮಾ ತೆಗೆದು ಸೆರಗಿನಿಂದ ಒರೆಸತೊಡಗಿದರು.

‘ಯಾಕ ಅಷ್ಟ್ ದೂರ ಒಯ್ದ್ರಿ? ಮಾದೇವಿ ಬಾಜೂಕೇ ಹಾಯ್ತದ ಅಂದಿದ್ಳು. ಅವ್ವ ರೈಲಿನ ಮಾರಿ ನೋಡಲಾರ್ದ ಹೋದ್ಳ್ರಿ. ಹುಮನಾಬಾದಕ್ಕ ಗಾಡಿ ಬರೂದಕ್ಕ ಮೊದಲೇ ಹೋದ್ಳು. ಒಮ್ಮೆರ ಕುಂಡ್ರಬೇಕು, ಒಮ್ಮೆರ ಕುಂಡ್ರಬೇಕು ಅಂತ ಕಡೀಕ್ಕೂ ಅಂತಿದ್ಳು. ನಾ ಓಣ್ಯಾಗ ಎಲ್ಲಾರ್ಗೂ ಹೇಳಿ ಬಂದೇನಿ, ನಮ್ಮವ್ವನ ಹಂತ್ಯಾಕ ರೈಲ್ ಬಂದದ ಅಂತ.’

‘ನೀವು ಸಿಟ್ಟಾಗ್ತೀರಿ ಅಂತ... ಆ ಟ್ರ್ಯಾಕ್ಟರ್...’ ಎಂದೆ.

‘ಅಂವ ಹಾಯ್ದ ಅಂತ ಸಿಟ್ಟಲ್ರಿ. ತನ್ನ ಸಾಕಿದಾಕಿ ಅದಾಳ ಅಲ್ಲಿ. ಇಳಿದು ಕೈ ಮುಗೀಲಿಲ್ಲ, ನಿಲ್ಲಲಾರ್ದ ಹೋದ. ಅದಕ್ಕ ಸಿಟ್ಟು.’

ಮಹಾದೇವಿ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು. ಅವಳಿಗೆ ನಾನು ಮಾರ್ಗ ಬದಲಿಸಿದ ವಿಷಯ ಆಗಲೇ ತಿಳಿದದ್ದು. ನಾಲ್ಕು ದಿನ ನಾನು ಬೆವರು ಸುರಿಸಿ ದೂರ ಮಾಡಿದ್ದು ಅವರಿಬ್ಬರೂ ನಾಲ್ಕು ದಿನ ಕಾದುಕೊಂಡಿದ್ದ ಗಾಡಿಯನ್ನು. ಏನನ್ನೂ ಅಳಿಸುವ ಧೈರ್ಯವಿಲ್ಲದವನು ಎಲ್ಲದಕ್ಕೂ ಒಂದು ಪ್ರತಿ ತೆಗೆದಿಟ್ಟಿರುತ್ತಾನೆ. ನನ್ನ ಹೇಡಿತನ ಒಮ್ಮೆಯಾದರೂ ಉಪಯೋಗಕ್ಕೆ ಬಂತು. ಹಳೆಯ ಮಾರ್ಗವನ್ನು ಮತ್ತೆ ತೆರೆದು, ಕಟ್ಟೆಯ ಜಾಗವನ್ನು ಮಹಾದೇವಿಯ ಬೆರಳಿನಿಂದಲೇ ಗುರುತು ಮಾಡಿಸಿಕೊಂಡು, ಹಳಿಯನ್ನು ಹತ್ತು ಹೆಜ್ಜೆಯಷ್ಟು ಮಾತ್ರ ಪಕ್ಕಕ್ಕೆ ಸರಿಸಿದೆ. ಗಾಡಿ ಅಲ್ಲಿ ನಿಲ್ಲುವುದೇ ಆದರೆ ಮೊದಲಿನಿಂದಲೇ ನಿಧಾನಿಸುತ್ತದೆ, ತಿರುವು ಬಿಗಿಯಾದರೂ ಉರುಳುವುದಿಲ್ಲ ಎಂಬುದು ಗಣಿತ ಕಲಿಸುವವನಿಗೆ ನಾಲ್ಕು ದಿನ ಹೊಳೆದಿರಲಿಲ್ಲ. ಒಂದು ಸಣ್ಣ ಕಟ್ಟೆಯಂಥ ಪ್ಲಾಟ್‌ಫಾರಂ ಹಾಕಿದೆ, ಎರಡು ಮೆಟ್ಟಿಲು ಇಟ್ಟೆ.

ಗಾಡಿ ಬಂದು ನಿಂತಿತು. ಪ್ಲಾಟ್‌ಫಾರಂ ಮೇಲೆ ಯಾರೂ ಇರಲಿಲ್ಲ. ಅರ್ಧ ನಿಮಿಷವಾದೊಡನೆ ಸಿಗ್ನಲ್ಲು ಹಸಿರಾಯಿತು, ಹೊರಡುವ ಗಂಟೆ ಹೊಡೆಯಿತು, ಪರದೆಯ ಮೂಲೆಯಲ್ಲಿ ತಡವಾದ ಸೆಕೆಂಡುಗಳು ಕೆಂಪಕ್ಷರದಲ್ಲಿ ಏರತೊಡಗಿದವು. ನನ್ನ ಕೈ ತಾನಾಗಿಯೇ ಕೀಲಿಮಣೆಗೆ ಹೋಯಿತು.

‘ತಡೀರಿ ಮಾಸ್ತರ್ರ, ಜರಾ ತಡೀರಿ’ ಎಂದರು ನಾಗಮ್ಮಕ್ಕ, ಪರದೆಯತ್ತಲೇ ಬಾಗಿ. ‘ಅವ್ವಗ ಮಣಕಾಲು ನೋಯ್ತಾವ. ಸಾವಕಾಶ ಹತ್ತಲಿ.’

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅಕ್ಕತಂಗಿಯರಿಬ್ಬರೂ ಆ ಎರಡು ಮೆಟ್ಟಿಲನ್ನೇ ನೋಡುತ್ತಿದ್ದರು. ಕೆಂಪು ಅಂಕಿಗಳು ಏರುತ್ತಲೇ ಇದ್ದವು.