ಕೊಟ್ಟಿಗೆ ಮ್ಯೂಸಿಯಮ್ಮಿನ ಬೀಸೋಕಲ್ಲು

ತಿಗನಾರೆಯಿಂದ ತಾಳವಾಡಿಗೆ ಹೋಗುವ ರಸ್ತೆಬದಿಯಲ್ಲಿ ವೃಷಭೇಂದ್ರ ತನ್ನ ಹಳೆಯ ಕೊಟ್ಟಿಗೆಯನ್ನು ಮ್ಯೂಸಿಯಂ ಮಾಡಿ ಎರಡು ವರ್ಷವಾಗಿತ್ತು. ದನ ಮಾರಿದ ಮೇಲೆ ಕೊಟ್ಟಿಗೆ ಖಾಲಿ ಇತ್ತು, ಅವನೂ ಖಾಲಿ ಇದ್ದ. ಗಡಿಸೀಮೆಯಾದ್ದರಿಂದ ಕನ್ನಡ, ತಮಿಳು ಎರಡರಲ್ಲೂ ಬೋರ್ಡು ಬರೆಸಿದ: 'ಪುರಾತನ ಜೀವನ ದರ್ಶನ'. ಒಳಗೆ ಆನೆ ತುಳಿದು ಚಪ್ಪಟೆಯಾದ ಅಲ್ಯೂಮಿನಿಯಂ ಕೊಡ, ಹಾಡದ ರೇಡಿಯೋ, ಗಾಜು ಒಡೆದ ಲಾಟೀನು. ಮಿಕ್ಕಿದ್ದೆಲ್ಲ ಅವನ ಹೆಂಡತಿ ಪುಟ್ಟಮಲ್ಲಮ್ಮನ ಅಡುಗೆಮನೆಯಿಂದ ಹೋದದ್ದು.

ಹೋದದ್ದು ಎಂದರೆ, ಅವಳು ಹಿತ್ತಿಲಿಗೆ ಹೋಗಿ ಬರುವಷ್ಟರಲ್ಲಿ ಹೋದದ್ದು. ಮೊರ ಹುಡುಕಿದರೆ ಅದು ಕೊಟ್ಟಿಗೆ ಗೋಡೆಯಲ್ಲಿ ನೇತಾಡುತ್ತಿತ್ತು, ಕೆಳಗೆ ಚೀಟಿ: 'ಮೊರ. ಪ್ರಾಚೀನ ಕಾಲದಲ್ಲಿ ಹೆಂಗಸರು ಕಾಳು ಕೇರಲು ಬಳಸುತ್ತಿದ್ದರು.' ಪ್ರಾಚೀನ ಕಾಲ ಎಂದರೆ ಅವತ್ತು ಬೆಳಿಗ್ಗೆ ಏಳೂವರೆ. ಅವಳು ಮೊಳೆಯಿಂದ ಮೊರ ತೆಗೆದು, ಕೇರಿ, ಮತ್ತೆ ಅಲ್ಲೇ ನೇತುಹಾಕಿ ಬರುತ್ತಿದ್ದಳು. ಮ್ಯೂಸಿಯಂ ಗುಡಿಸುವವಳೂ, ನೋಡಲು ಬಂದವರಿಗೆ ಟೀ ಕಾಯಿಸುವವಳೂ ಅವಳೇ ಆದ್ದರಿಂದ ಓಡಾಟಕ್ಕೆ ಅಡ್ಡಿ ಇರಲಿಲ್ಲ.

ಬೀಸೋಕಲ್ಲನ್ನು ಮಾತ್ರ ಹಾಗೆ ಹೊತ್ತು ತಂದು ಹೊತ್ತು ಇಡಲಾಗುವುದಿಲ್ಲ. ಊರಿನ ಹೆಂಗಸರು ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿ ಅವಳ ಹತ್ತಿರ ತರುತ್ತಿದ್ದರು. ಅವಳು ಒಡೆದರೆ ಬೇಳೆ ನುಚ್ಚಾಗುವುದಿಲ್ಲ ಎಂಬುದು ಊರಿಗೇ ಗೊತ್ತು. ಆ ಕೂಲಿಯಿಂದ ಬರುವ ಬೇಳೆ, ಪುಡಿಗಾಸು ಅವಳದೇ. ಯಾರನ್ನೂ ಕೇಳದೆ ಖರ್ಚು ಮಾಡಬಹುದಾದದ್ದು ಅವಳ ಬದುಕಿನಲ್ಲಿ ಅದೊಂದೇ. ಅಂಥ ಕಲ್ಲನ್ನು ವೃಷಭೇಂದ್ರ ಒಂದು ಬೆಳಿಗ್ಗೆ ಉರುಳಿಸಿಕೊಂಡು ಹೋಗಿ ಕೊಟ್ಟಿಗೆ ನಡುವಿನ ಕಟ್ಟೆಯ ಮೇಲೆ ಕೂರಿಸಿದ್ದ. ಸಂಜೆಗೆ ಸಿಮೆಂಟ್ ಹಾಕಿ ಭದ್ರ ಮಾಡುವವನಿದ್ದ.

"ಸಿದ್ದಯ್ಯನೋರ ಮನೆ ತೊಗರಿ ಒಣಗಿ ನಿಂತದೆ. ಎಲ್ಲಿ ಒಡೀಲಿ?" ಎಂದು ಕೇಳಿದಳು.

"ಮಿಲ್ಲಿಲ್ವ? ಇದು ಪರಂಪರೆ ಕಣಮ್ಮಿ. ಪರಂಪರೇಲಿ ಯಾರಾರ ಬ್ಯಾಳೆ ಒಡೀತಾರ?"

ಹನ್ನೊಂದರ ಹೊತ್ತಿಗೆ ಕಾರೊಂದು ನಿಂತಿತು. ನಂಜನಗೂಡಿನವರು, ತಾಳಮಲೆ ಕಡೆ ಸುತ್ತಾಡಲು ಹೊರಟಿದ್ದರು: ಮಧುಕುಮಾರ್, ಅವನ ತಾಯಿ ಪುಟ್ಟನಂಜಮ್ಮ, ಹೆಂಡತಿ ಲೋಕೇಶ್ವರಿ, ಪುಟ್ಟ ಮಗಳು ಅನುಶ್ರೀ. ಲೋಕೇಶ್ವರಿ ಪ್ರವಾಸದ ಮಜದಲ್ಲಿದ್ದಳು. ಅಂದರೆ ಕಾರಿನ ಡಿಕ್ಕಿ ತೆಗೆದು, ಎಲ್ಲರೂ ತಿಂದು ಬಿಟ್ಟ ಚಿತ್ರಾನ್ನದ ಡಬ್ಬಿಗಳನ್ನು ತೊಳೆಯಲು ನೀರೆಲ್ಲಿದೆ ಎಂದು ಕೇಳಿದಳು.

ಗೋಡೆಯಾಚೆ ಟೀಗೆ ನೀರಿಟ್ಟ ಪುಟ್ಟಮಲ್ಲಮ್ಮನಿಗೆ ಗಂಡನ ಭಾಷಣವೆಲ್ಲ ಕೇಳಿಸುತ್ತಿತ್ತು.

"ಇದು ಬೀಸೋಕಲ್ಲು. ನಮ್ಮ ಪೂರ್ವಿಕರ ತಂತ್ರಜ್ಞಾನ."

"ಕಾಳ ಎಲ್ಲಿಂದ ಉಯ್ಯೋದು ಸಾಮಿ?" ಅದು ಪುಟ್ಟನಂಜಮ್ಮನ ದನಿ.

"ಸಂದೀಲಿ ಒಂದೊಂದೇ ತೂರುಸ್ತಿದ್ರು. ಆಗಿನೋರ ತಾಳ್ಮೆ ಅಂಗಿತ್ತು."

"ಗೋಡೆ ಮ್ಯಾಲಿನ ಈ ಗೂಟ?"

"ಅದು ಬ್ಯಾರೆ ಐಟಮ್ಮು. ಕಾಡಂದಿ ಓಡ್ಸೋ ಆಯುಧ."

ಮುದುಕಿಯ ನಗು ಹೆಂಚಿಗೆ ಬಡಿಯಿತು. ಪುಟ್ಟಮಲ್ಲಮ್ಮ ಟೀ ಹಿಡಿದು ಹೋಗಿ ನೋಡಿದಳು. ಕಾಳು ಹುಯ್ಯುವ ಬಾಯಿ ಇದ್ದ ಮೇಲ್ಗಲ್ಲು ಕೆಳಗಿತ್ತು, ಕೆಳಗಲ್ಲು ಮೇಲಿತ್ತು. ಅಡ್ಡ ಬರುತ್ತದೆಂದು ಹಿಡಿಗೂಟವನ್ನೂ ಕಿತ್ತು ಗೋಡೆಗೆ ಏರಿಸಿದ್ದ. ಮೂವತ್ತನಾಲ್ಕು ವರ್ಷ ಆ ಕಲ್ಲಿನ ಬೇಳೆ ಉಂಡವನು!

"ಯಾವ ಪುಣ್ಯಾತ್ಮ ಮಡಗಿದ್ನವ್ವ ಇದ? ಬಾ, ತಿರುಗ್ಸವ," ಎಂದಳು ಪುಟ್ಟನಂಜಮ್ಮ.

ಇಬ್ಬರೂ ಸೇರಿ ಕಲ್ಲನ್ನು ಸರಿಮಾಡಿ, 'ಆಯುಧ'ವನ್ನು ಅದರ ತೂತಿಗೆ ಬಡಿದರು. ಪುಟ್ಟಮಲ್ಲಮ್ಮ ಸಿದ್ದಯ್ಯನ ಮನೆ ತೊಗರಿ ತಂದಳು. ಎದುರುಬದುರು ಕೂತು ತಿರುಗಿಸಿದರೆ ಸುತ್ತಲೂ ಹಳದಿ ಬೇಳೆ ಉದುರಿತು. ಅನುಶ್ರೀ ಬೊಗಸೆ ಒಡ್ಡಿದಳು. ಮಧುಕುಮಾರ್ ವಿಡಿಯೋ ಮಾಡಿದ. "ಅವ್ವಾ, ಇನ್ನೊಂದ್ಸಲ. ವಸಿ ನಗು."

ಅದನ್ನು ನೋಡಿ ವೃಷಭೇಂದ್ರನಿಗೆ ಜ್ಞಾನೋದಯವಾಯಿತು. "ಅಮ್ಮೀ, ದಿನಾ ಬೆಳಿಗ್ಗಿಂದ ಸಂಜೆ ಗಂಟ ನೀ ಇಲ್ಲೇ ಕೂತ್ಕೊ. ಅಳೇ ಸೀರೆ ಉಟ್ಕೊ. ಬಂದೋರಿಗೆಲ್ಲ ಬೀಸಿ ತೋರ್ಸು."

"ಅಡ್ಗೆ?"

"ಅದ ಬೆಳಕರಿಯೋ ಮುಂಚೆ ಮುಗಿಸ್ಬುಡು."

ಪುಟ್ಟಮಲ್ಲಮ್ಮ ಗೂಟ ಬಿಟ್ಟು ಎದ್ದಳು. ಕಲ್ಲು ಈ ಕಟ್ಟೆಯ ಮೇಲೆ ಉಳಿದರೆ ತನ್ನ ಕೊರಳಿಗೂ ಒಂದು ಚೀಟಿ ಬೀಳುತ್ತದೆ ಎಂದು ಅವಳಿಗೆ ಅರ್ಥವಾಯಿತು.

"ಕಲ್ಲು ನನ್ ಜಗಲಿಗೆ ಬರ್ಬೇಕು, ಈಗ್ಲೇ. ಇಲ್ದಿದ್ರೆ ಇವತ್ತಿಂದ ಟೀ ಇಲ್ಲ, ಕಸ ಗುಡ್ಸೋದಿಲ್ಲ, ಮುದ್ದೆನೂ ಇಲ್ಲ."

ವೃಷಭೇಂದ್ರ ಬಂದವರ ಕಡೆ ತಿರುಗಿ ಹಲ್ಲು ಕಿರಿದ. "ತಮಾಸೆ ಮಾಡ್ತಾಳೆ."

"ಅವಳ ಮೊಕ ನೋಡಿದ್ರೆ ತಮಾಸೆ ಅನ್ಸಲ್ಲ ಸಾಮಿ," ಎಂದವಳೇ ಪುಟ್ಟನಂಜಮ್ಮ ಮಗನನ್ನು ಗದರಿದಳು. "ಮದೂ, ಆ ಫೋನ ಮಡಗಿ ಎತ್ಲಾ. ಬೀಸಕ್ಕಂತೂ ಬರ್ನಿಲ್ಲ, ಕಲ್ಲು ಒರೋದಾದ್ರೂ ಕಲೀರಿ."

ಗಂಡಸರಿಬ್ಬರೂ ಒಂದೊಂದೇ ಕಲ್ಲನ್ನು ಏದುತ್ತ ಹೊತ್ತು ಜಗಲಿಗೆ ಸಾಗಿಸಿದರು. ಅಷ್ಟರಲ್ಲಿ ಡಬ್ಬಿ ತೊಳೆದು ಬಂದ ಲೋಕೇಶ್ವರಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತು ನೋಡಿದಳು. ಆ ಪ್ರವಾಸದಲ್ಲಿ ಅವಳು ಕಂಡ ಮೊದಲ ಪ್ರೇಕ್ಷಣೀಯ ಸ್ಥಳ ಅದು.

ಕಾರು ಹೋದ ಮೇಲೆ ವೃಷಭೇಂದ್ರ ಬರಿದಾದ ಕಟ್ಟೆಯ ಮುಂದೆ ನಿಂತು, "ನಡುಮದ್ಯಕ್ಕೆ ಈಗೇನ ಮಡಗ್ಲಿ?" ಎಂದು ಕೂಗಿದ.

"ನೀವೇ ಅತ್ತಿ ಕೂತ್ಕಳಿ. ಮನೇಲಿ ಬಳಕೆಗೆ ಬಾರದ್ದು ಇನ್ನೇನೂ ಉಳ್ದಿಲ್ಲ," ಎಂದಳು ಜಗಲಿಯಿಂದ.

ಅವನು ಮುಖ ಊದಿಸಿಕೊಂಡು ಬಂದು ಟೀ ಕೇಳಿದ.

"ಪಾತ್ರೇಲದೆ. ಕಾಸ್ಕಳಿ."

ಅಡುಗೆಮನೆಯ ಇತಿಹಾಸವನ್ನೆಲ್ಲ ಬಾಯಿಪಾಠ ಮಾಡಿದ್ದವನು ಒಳಗೆ ಹೋಗಿ, ಬೆಂಕಿಪೊಟ್ಟಣ ಎಲ್ಲಿ ಎಂದು ಮೂರು ಸಲ ಕೂಗಿದ. ಪುಟ್ಟಮಲ್ಲಮ್ಮ ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ತೊಗರಿ ಹುಯ್ದಳು.